ಕೂಕಟ್‌ಪಲ್ಲಿಯ ಉಪ್ಪುಗಾಳಿ

ಕೂಕಟ್‌ಪಲ್ಲಿಯಲ್ಲಿ ಸಮುದ್ರವಿದೆ ಎಂದರೆ ನೀವು ನಗುತ್ತೀರಿ. ನಮ್ಮ ಸೋದರಮಾವನ ಮುಂದೆ ಮಾತ್ರ ನಗಬೇಡಿ! ಅವರು ಪ್ರತಿ ಭಾನುವಾರ ಫ್ಲ್ಯಾಟಿನ ಕಿಟಕಿ ಸರಳು, ಬಾಗಿಲ ಚಿಲಕ, ಕಡೆಗೆ ಕೆಳಗಿನ ಗೇಟಿಗೂ ಎಣ್ಣೆ ಸವರುತ್ತಿದ್ದರು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದಂತೆ. ಸಮುದ್ರವೋ, ಇಲ್ಲಿಂದ ಇಡೀ ಒಂದು ರಾತ್ರಿಯ ರೈಲುದಾರಿ! ಪಕ್ಕದ ಮನೆಯ ಬೀದರಿನವರು ಒಮ್ಮೆ ಗೇಟು ಮುಟ್ಟಿ, "ಕೈಯೆಲ್ಲಾ ಎಣ್ಣಿ ಆತಲ್ರಿ" ಎಂದರು.

"ತುಕ್ಕ ಆಗ್ಲಿಲ್ಲಲ್ರಿ" ಎಂದರು ಮಾವ.

ಎಲ್ಲಾ ಹಳೆಯ ನೌಕರಿಯ ಚಟ. ಮದುವೆಯಾದ ಹೊಸತರಲ್ಲಿ ಮಾವ ಕಡಲ ದಂಡೆಯ ಒಂದು ಪುಟ್ಟ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ನಾಲ್ಕು ಕ್ವಾರ್ಟರ್ಸು, ಒಂದು ನೀರಿನ ಟ್ಯಾಂಕು, ಉಳಿದದ್ದೆಲ್ಲ ಮರಳು. ಉಗಿ ಎಂಜಿನ್ನು ನೀರು ಕುಡಿಯಲೆಂದೇ ಅಲ್ಲಿ ನಿಲ್ಲುತ್ತಿತ್ತು. ಡೀಸೆಲ್ ಬಂದ ಮೇಲೆ ನೀರು ಯಾರಿಗೆ ಬೇಕು? ನಿಲ್ದಾಣ ಮುಚ್ಚಿ ಕ್ವಾರ್ಟರ್ಸು ಕೆಡವಿದರು. ಮಾವನ ಬಾಯಲ್ಲಿ ಮಾತ್ರ ಅದು ಮುಚ್ಚಲೇ ಇಲ್ಲ. ಬೇಗಂ ಬಜಾರಿನ ಉಪ್ಪಿನ ವ್ಯಾಪಾರಿಗೂ ಅದರ ಕತೆ ಬಾಯಿಪಾಠವಾಗಿತ್ತು.

ತಾವು ಮೊದಲು ಸಂಸಾರ ಹೂಡಿದ ಆ ಜಾಗವನ್ನು ಒಮ್ಮೆ ನೋಡಬೇಕೆಂಬುದೊಂದೇ ಅತ್ತೆಯ ಆಸೆ. ಕೇಳಿದಾಗಲೆಲ್ಲ ಮಾವನಿಗೆ ಬೇಸಗೆಯಲ್ಲಿ "ಬಿಸಲು ಭಾಳ ಐತಿ", ಮಳೆಗಾಲದಲ್ಲಿ "ಮಳಿ ಭಾಳ ಐತಿ", ಚಳಿಗಾಲದಲ್ಲಿ ಮಂಡಿನೋವು! ಅಲ್ಲಿ ರೆಸಾರ್ಟು ಬರುತ್ತದೆಂಬ ಸುದ್ದಿ ಹಬ್ಬಿದ ಮೇಲಂತೂ ಮಾತೇ ಎತ್ತಗೊಡಲಿಲ್ಲ.

ಒಂದು ದಿನ ಪೇಪರಿನಲ್ಲಿ ಬಂತು: ಆ ದಂಡೆಯಲ್ಲಿ ಆಮೆಗಳು ಮೊಟ್ಟೆಯಿಡುತ್ತವೆ, ಇನ್ನು ಅದು ಸಂರಕ್ಷಿತ ತೀರ, ಒಳಗೆ ಯಾರಿಗೂ ಪ್ರವೇಶವಿಲ್ಲ. ಮಾವ ಅಂದೇ ಹೋಗಿ ನಮ್ಮ ಮೂವರಿಗೂ ಟಿಕೆಟ್ ತಂದರು!

"ಮಾವಾ, ತೆರೆದಿದ್ದಾಗ ಒಲ್ಲೆ ಅಂದ್ರಿ. ಈಗ ಒಳಗ ಬಿಡೂದಿಲ್ಲಂತ್ರಿ."

"ಅದಕ್ಕಽ ಹೊಂಟೀನಿ."

ಇಂಥವರಿಗೆ ಏನು ಹೇಳುತ್ತೀರಿ? ಹೊರಟೆವು. ದಂಡೆಯುದ್ದಕ್ಕೂ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಹಗ್ಗದಾಚೆ ಮರಳಿನಲ್ಲಿ ಒಂದು ಹಳೆಯ ಗಾಳಿಮರ ನಿಂತಿತ್ತು. ಇಲ್ಲಿಂದಲೇ ನೋಡಿ ಎಂದು ಕಾವಲುಗಾರ ತೆಲುಗಿನಲ್ಲಿ ಹೇಳಿದ. ಇಷ್ಟು ವರ್ಷ ಕಾದು ಬಂದ ಅತ್ತೆಗೆ ಇಷ್ಟೇನಾ ಎಂದು ನನಗೆ ಸಿಟ್ಟು ಬಂತು. ಅವನ ಜೊತೆ ವಾದಕ್ಕೆ ನಿಂತೆ. ಅತ್ತೆ ನನ್ನ ತೋಳು ಹಿಡಿದರು.

"ಬ್ಯಾಡಪಾ. ಆ ಗಾಳಿಮರದ ಬುಡಕ ನಮ್ಮ ಮೊದಲನೇ ಕೂಸು ಐತಿ. ಹೆಸರಿಡೂಕಿಂತ ಮೊದಲಽ ಹೋತು. ಅದರ ಮ್ಯಾಲೆ ಯಾರರೆ ತುಳದಾಡಿದ್ರ, ಹೋಟೆಲ್ ಕಟ್ಟಿದ್ರ ಹೆಂಗ ನೋಡೂದಂತ ನಿಮ್ಮ ಮಾವ ಇಷ್ಟು ದಿನ ಬರಲಿಲ್ಲ. ಈಗ ಅಲ್ಲಿ ಯಾರೂ ತುಳಿಯೂದಿಲ್ಲ."

ನಾನು ವಾದ ಬಿಟ್ಟು ತಿರುಗಿದೆ. ಮಾವ ಆಗಲೇ ಹಗ್ಗದ ಪಕ್ಕ ನಡೆಯುತ್ತ ಒಂದೊಂದೇ ಗಂಟನ್ನು ಎಳೆದು ನೋಡುತ್ತಿದ್ದರು. ಒಂದು ಸಡಿಲಾಗಿತ್ತು. ಅದನ್ನು ಪೂರ್ತಿ ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದರು.