ನಮ್ಮ ಪೂರ್ವಜರ ಯಹೂದಿ ಕುಣಿತ

ಮಂಗಳೂರಿನ ಕ್ರೈಸ್ತರ ಮದುವೆಯಲ್ಲಿ ಬ್ಯಾಂಡಿನವರು ಬಾರಿಸಿದ್ದೆಲ್ಲ ನಮ್ಮದೇ ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು. ಬುದ್ಧಿ ಬಂದಾಗಿನಿಂದ ಕೇಳಿದ ರಾಗ ಬೇರೆಯವರದ್ದು ಹೇಗಾದೀತು? ಅದರಲ್ಲೂ ಒಂದು ರಾಗವಿತ್ತು. ಮೆಲ್ಲಗೆ ಶುರುವಾಗಿ, ಏರುತ್ತಾ ಏರುತ್ತಾ, ಹೆಗಲಿಗೆ ಕೈಹಾಕಿ ಸುತ್ತು ತಿರುಗುವ ಮಾವಂದಿರೆಲ್ಲ ಏದುಸಿರು ಬಿಟ್ಟು ಕುರ್ಚಿ ಹುಡುಕುವ ತನಕ ಅದು ನಿಲ್ಲುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ಮಸ್ಕತ್ತಿನಲ್ಲಿ ನನ್ನ ಹೆಂಡತಿ ಲಿಲ್ಲಿಯ ಚಿಕ್ಕಪ್ಪನ ಮಗಳ ಮದುವೆ ನಡೆಯಿತು. ಮೈಕು ನನ್ನ ಕೈಯಲ್ಲಿ. ಮುಂದಿನ ಸಾಲಿನಲ್ಲಿ ನಮ್ಮ ಕಫೀಲ್, ಅಂದರೆ ನಮಗೆ ವೀಸಾ ಕೊಡಿಸಿದ ಅರಬ್ ಧಣಿ, ಸಾಲಿಂ ಸಾಹೇಬರು. ರುಸೈಲಿನಲ್ಲಿದ್ದ ಅವರ ಪೈಪ್ ಫ್ಯಾಕ್ಟರಿಯಲ್ಲಿ ನಾನು ಸ್ಟೋರ್ ಕೀಪರ್. ಲಿಲ್ಲಿಗೆ ಆಗ ಏಳು ತಿಂಗಳು. ಬಾಣಂತನಕ್ಕೆ ಅವಳ ಅಮ್ಮ ಊರಿನಿಂದ ಬರಬೇಕು, ಬರಲು ವೀಸಾ ಬೇಕು, ವೀಸಾ ಅರ್ಜಿಗೆ ಸಾಹೇಬರ ಸಹಿ ಬೇಕು. ಆದ್ದರಿಂದ ಅವರಿಗೆ ಬಿರಿಯಾನಿಯಿಂದ ಹಿಡಿದು ಸಂಸ್ಕೃತಿಯವರೆಗೆ ಸಕಲವನ್ನೂ ಬಡಿಸುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡಿದ್ದೆ.

ಆ ರಾಗ ಶುರುವಾಯಿತು. ಜನ ವೃತ್ತ ಕಟ್ಟಿದರು. ಸಾಹೇಬರು ನೆಟ್ಟಗೆ ಕುಳಿತು, ಹಿಂದಿಯಲ್ಲಿ ಕೇಳಿದರು.

“ಇದು ಯಾವ ಕುಣಿತ?”

ಗೊತ್ತಿಲ್ಲ ಎಂದು ಹೇಳುವ ಪದ್ಧತಿ ನಮ್ಮ ವಂಶದಲ್ಲೇ ಇಲ್ಲ! ಮೈಕಿನಲ್ಲೇ ಘೋಷಿಸಿದೆ. “ನಾನೂರು ವರ್ಷಗಳ ಹಿಂದೆ ನೇತ್ರಾವತಿ ದಡದಲ್ಲಿ ನಮ್ಮ ಪೂರ್ವಜರು ಭತ್ತದ ಕೊಯ್ಲು ಮುಗಿಸಿ ಕುಣಿದ ಕುಣಿತ!”

ಸಾಹೇಬರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ಶಾಬಾಶ್. ಮುಂದಿನ ತಿಂಗಳು ಕಂಪನಿಯ ಪಾರ್ಟಿಯಲ್ಲಿ ಇದನ್ನೇ ಮಾಡಿಸು” ಎಂದರು.

ಅತ್ತೆ ವಿಮಾನ ಹತ್ತಿದಷ್ಟೇ ಸಂತೋಷವಾಯಿತು ನನಗೆ. ಮರುದಿನ ಪಕ್ಕದ ಫ್ಲ್ಯಾಟಿನ ಡೊರಿನ್ ಬಾಯಿಯವರಿಗೆ ಸುದ್ದಿ ಹೇಳಿದೆ. ಅವರು ಬೊಂಬಾಯಲ್ಲಿ ಬಹಳ ವರ್ಷ ಟೀಚರ್ ಆಗಿದ್ದವರು. ನಕ್ಕು ನಕ್ಕು ಕನ್ನಡಕ ತೆಗೆದರು.

“ಕೊಯ್ಲು ಎಂತದ್ದು ಮಾರಾಯಾ? ಅದು ಯಹೂದಿಗಳ ಡ್ಯಾನ್ಸು! ನಮ್ಮ ಬಿಲ್ಡಿಂಗಿನ ಯಹೂದಿಗಳು ಮದುವೆಗೆಲ್ಲ ಅದನ್ನೇ ಕುಣೀತಿದ್ರು.”

ಅರಬ್ ಕಫೀಲರ ಪಾರ್ಟಿ, ಯಹೂದಿಗಳ ಕುಣಿತ, ನಡುವೆ ನನ್ನ ಅತ್ತೆ!

“ಹೋಗಿ ನಿಜ ಹೇಳಿ” ಎಂದಳು ಲಿಲ್ಲಿ. “ತಪ್ಪಾಯ್ತು ಹೇಳಿದ್ರೆ ಎಂತ ಆಗ್ತದೆ?”

“ವೀಸಾ ಹೋಗ್ತದೆ!”

ನಿಜ ಹೇಳುವ ಬದಲು ಕುಣಿತಕ್ಕೇ ವೇಷ ಹಾಕುವುದೆಂದು ತೀರ್ಮಾನಿಸಿದೆ. ವೃತ್ತವನ್ನು ಉಲ್ಟಾ ತಿರುಗಿಸಿದೆ. ಫ್ಯಾಕ್ಟರಿಯ ಆರು ಮಂದಿಗೆ ರಟ್ಟಿನ ಕುಡುಗೋಲು ಕೊಟ್ಟೆ. ತಲೆಗೆ ಊರಿನ ಒಕ್ಕಲಿಗರ ಮುಟ್ಟಾಳೆ ಬೇಕಿತ್ತು. ಮಸ್ಕತ್ತಿನಲ್ಲಿ ಅಡಿಕೆ ಹಾಳೆ ಎಲ್ಲಿಂದ ತರಲಿ? ಅದಕ್ಕೂ ರಟ್ಟೇ ಗತಿಯಾಯಿತು. ಗುರುತು ಸಿಗಬಾರದೆಂದು ಕೀಬೋರ್ಡಿನವನಿಗೆ ತೀರಾ ನಿಧಾನ ನುಡಿಸಲು ಹೇಳಿದೆ. ಅಭ್ಯಾಸ ನೋಡಲು ಬಂದ ಡೊರಿನ್ ಬಾಯಿ, “ಯಾರು ತೀರಿಕೊಂಡದ್ದು?” ಎಂದು ಕೇಳಿದರು.

ಪಾರ್ಟಿಯ ದಿನ ವೇದಿಕೆ ಹತ್ತಿದೆವು. ಎರಡನೇ ಸುತ್ತಿಗೇ ಮುಟ್ಟಾಳೆಗಳು ಜಾರಿ ಮೂಗಿನ ಮೇಲೆ ಕುಳಿತವು. ಕಣ್ಣು ಕಾಣದೆ ಫೋರ್ಕ್‌ಲಿಫ್ಟ್ ಡ್ರೈವರ್ ಬಲಕ್ಕೆ ಬಂದ. ನಾನು ಎಡಕ್ಕೆ ಹೋದೆ. ಅವನು ಪಂಜಾಬಿನ ಆರಡಿ ಆಳು. ಬಿದ್ದದ್ದು ನಾನು!

“ಖಲಾಸ್!” ಎಂಬ ಧ್ವನಿ ಕೇಳಿತು. ಸಂಗೀತ ನಿಂತಿತು. ಸಾಹೇಬರು ವೇದಿಕೆ ಹತ್ತಿ ಬರುತ್ತಿದ್ದರು. ಲಿಲ್ಲಿ ಕೆಳಗೆ ಕಣ್ಣು ಮುಚ್ಚಿಕೊಂಡದ್ದು ಕಾಣಿಸಿತು. ಸಾಹೇಬರು ನನ್ನನ್ನು ಎಬ್ಬಿಸಿ ಹೆಗಲ ಮೇಲೆ ಕೈಯಿಟ್ಟರು.

“ನಾನು ಶಾಲೆ ಓದಿದ್ದು ಬೊಂಬಾಯಲ್ಲಿ. ಪಕ್ಕದ ಮನೆಯವರು ಯಹೂದಿಗಳು. ಅವರ ಮದುವೆಗಳಲ್ಲಿ ನನ್ನನ್ನು ಕುಣಿಸದೆ ಬಿಡುತ್ತಿರಲಿಲ್ಲ. ಆವತ್ತು ನಿಮ್ಮವರು ಕುಣಿದಾಗ ನನ್ನ ಕಣ್ಣು ತುಂಬಿತು. ಇನ್ನೊಮ್ಮೆ ನೋಡೋಣ ಅಂತ ಕೇಳಿದರೆ, ನೀನು ಅದಕ್ಕೆ ಇದೇನು ಮಾಡಿಟ್ಟೆ?”

ಅವರು ಕೀಬೋರ್ಡಿನವನ ಕಡೆ ತಿರುಗಿ, “ಯಲ್ಲಾ, ಜೋರಾಗಿ!” ಎಂದರು. ದಿಶ್‌ದಾಶಾ ನಿಲುವಂಗಿಯ ಅಂಚು ಹಿಡಿದು ಹೆಜ್ಜೆ ಹಾಕಿದರು. ನೋಡನೋಡುತ್ತಾ ಫ್ಯಾಕ್ಟರಿಗೆ ಫ್ಯಾಕ್ಟರಿಯೇ ಸುತ್ತು ತಿರುಗತೊಡಗಿತು. ಮಲಯಾಳಿ, ಪಂಜಾಬಿ, ಬಲೂಚಿ, ಎಲ್ಲರಿಗೂ ಐದು ನಿಮಿಷದಲ್ಲಿ ಹೆಜ್ಜೆ ಬಂತು. ನನ್ನ ಹೆಜ್ಜೆಯನ್ನು ಮಾತ್ರ ಸಾಹೇಬರು ಮೂರು ಸಲ ತಿದ್ದಬೇಕಾಯಿತು. ನಾಚಿಕೆಯಿಂದ ಸಾಯುವಂತಾಗಿತ್ತು. ಆದರೂ, ಸುಳ್ಳು ಯಾಕೆ, ಅಷ್ಟು ಖುಷಿಯಿಂದ ನಾನು ಜನ್ಮದಲ್ಲಿ ಕುಣಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅರ್ಜಿ ಹಿಡಿದು ಅವರ ಕೋಣೆಗೆ ಹೋದೆ. ಓದದೆಯೇ ಸಹಿ ಹಾಕಿದರು.

“ಅತ್ತೆಯನ್ನು ಬೇಗ ಕರೆಸು. ಮಗು ಹುಟ್ಟುವಾಗ ಮನೆಯಲ್ಲಿ ನಿಜ ಹೇಳುವ ಹಿರಿಯರು ಒಬ್ಬರಾದರೂ ಇರಲಿ” ಎಂದರು.

ಮನೆಗೆ ಬಂದು ಈ ಮಾತನ್ನು ಲಿಲ್ಲಿಗೆ ಬಹಳ ನೊಂದುಕೊಂಡು ವರದಿ ಮಾಡಿದೆ. ಅವಳು ಸಹಿಯನ್ನು ಎರಡು ಸಲ ನೋಡಿ, ಅರ್ಜಿಯನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟಳು.

“ಸಾಹೇಬರು ಹುಷಾರು ಮಾರಾಯ್ರೆ” ಎಂದಳು. “ಎರಡೇ ಡ್ಯಾನ್ಸಲ್ಲಿ ನಿಮ್ಮನ್ನು ಕಂಡುಹಿಡಿದ್ರು. ನನಗೆ ಎರಡು ವರ್ಷ ಬೇಕಾಯ್ತು!”