ಹಗುರಪ್ಪನ ಸ್ಟೀರಿಂಗ್

ಎಲ್ಲ ಅವಾಂತರಕ್ಕೂ ಮೂಲ ಅಂಗೈಯಗಲದ ಒಂದು ಹಳದಿ ಚೀಟಿ. ಬೆಳಿಗ್ಗೆ ಹೆಂಡತಿ ಬರೆದು ಕೈಗೆ ತುರುಕಿದ್ದಳು: 'ನಾಳೆ ಬೆಳಿಗ್ಗೆ ಆರೂ ಹತ್ತಕ್ಕೆ ರೈಲು. ಈ ಸಲವೂ ರಜೆ ಸಿಗದಿದ್ದರೆ ನಾನೊಬ್ಬಳೇ ಹೊರಟೆ.' ಸಮುದ್ರ ನೋಡುವ ಆ ಪ್ರವಾಸ ಆಗಲೇ ಮೂರು ಸಲ ಮುಂದಕ್ಕೆ ಹೋಗಿತ್ತು. ಮರೆತರೆ ಗತಿಯಿಲ್ಲವೆಂದು ಹಗುರಪ್ಪ ಚೀಟಿಯನ್ನು ಲ್ಯಾಪ್‌ಟಾಪ್ ಪರದೆಯ ಕೆಳಮೂಲೆಗೆ ಅಂಟಿಸಿಕೊಂಡ.

ಹಗುರಪ್ಪ ಎನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಸಣ್ಣ ಕಾರಿನ ಸ್ಟೀರಿಂಗ್ ಎಷ್ಟು ಹಗುರವಿರಬೇಕೆಂದು ಹೊಂದಿಸುವುದು ಅವನ ಕೆಲಸ. ಸ್ಟೀರಿಂಗ್ ತಿರುಗಿಸುವ ಕೈಗೆ ವಿದ್ಯುತ್ ಮೋಟಾರೊಂದು ನೆರವಾಗುತ್ತದೆ. ಅದು ಹೆಚ್ಚು ದುಡಿದರೆ ಕೈಗೆ ಸುಖ, ಆದರೆ ರಸ್ತೆಯ ಸುದ್ದಿ ಮುಟ್ಟುವುದಿಲ್ಲ. ಕಡಿಮೆ ದುಡಿದರೆ ಸುದ್ದಿಯೂ ಮುಟ್ಟುತ್ತದೆ, ಹೆಗಲೂ ನೋಯುತ್ತದೆ. ಇದನ್ನು ನಿರ್ಧರಿಸುವುದು ಒಂದೇ ಒಂದು ಅಂಕಿ. ಒಂದು ಎಂದರೆ ಅತಿ ಹಗುರ, ಹತ್ತು ಎಂದರೆ ಅತಿ ಭಾರ. ಹೊಸ ಕಾರಿನಲ್ಲಿ ಆರು ತಿಂಗಳಿಂದ ಅಂಕಿ ನಾಲ್ಕು ಇತ್ತು, ಆರು ತಿಂಗಳಿಂದ ಅದು ಯಾರಿಗೂ ಹಿಡಿಸಿರಲಿಲ್ಲ.

"ಮಾರಾಟದ ಮೇಡಂ, ಟೆಸ್ಟ್ ಡ್ರೈವರ್, ನಾನು. ಸಂಜೆಯೊಳಗೆ ಮೂರೂ ಸಹಿ ಆದ್ರೆ ನಿಮಗೆ ರಜೆ" ಎಂದಿದ್ದರು ದೊಡ್ಡ ಸಾಹೇಬರು.

ಮೊದಲು ಬಂದವರು ಮೇಡಂ. ಕಾರ್ಖಾನೆಯ ಸುತ್ತ ಒಂದು ಸುತ್ತು ಹಾಕಿ ಇಳಿದವರೇ ಮೊಣಕೈ ನೀವಿಕೊಂಡರು.

"ಏನ್ರೀ ಇದು, ನಮ್ಮತ್ತೆ ಮನಸ್ಸು ತಿರುಗಿಸೋದೇ ಇದಕ್ಕಿಂತ ಸುಲಭ."

ಹಗುರಪ್ಪ ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಸಿಕ್ಕಿಸಿ ಎರಡು ಒತ್ತಿದ. ಪರದೆಯ ಮೇಲೆ ದಪ್ಪಗೆ ಎರಡು ಮೂಡಿತು. ಮೇಡಂ ಮತ್ತೆ ಓಡಿಸಿದರು. "ಈಗ ನೋಡಿ, ಬೆರಳಲ್ಲೇ ತಿರುಗತ್ತೆ" ಎಂದು ಫಾರಂಗೆ ಸಹಿ ಹಾಕಿದರು.

ಟೆಸ್ಟ್ ಡ್ರೈವರನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಅಂಕಿ ಎರಡೆಂದು ಕೇಳಿದೊಡನೆ, ಕಾರು ಹತ್ತುವ ಮೊದಲೇ ಮುಖ ಸಿಂಡರಿಸಿದ.

"ರಸ್ತೆನೇ ಸತ್ತುಹೋಗಿದೆ ಕಣಯ್ಯಾ" ಎಂದ, ಓಡಿಸಿ ಬಂದು. "ನಮ್ಮ ಕಾಲದಲ್ಲಿ ಚಕ್ರಕ್ಕೆ ಕಲ್ಲು ಸಿಕ್ರೆ ಅದು ಕರೀದೋ ಬಿಳೀದೋ ಅಂತ ಅಂಗೈಗೆ ಗೊತ್ತಾಗ್ತಿತ್ತು."

ಹಗುರಪ್ಪ ಒಂಬತ್ತು ಒತ್ತಿದ. ತಾತ ಕಣ್ಣು ಅರೆಮುಚ್ಚಿಕೊಂಡು ಒಂದು ಸುತ್ತು ಹಾಕಿ ಬಂದ. "ಈಗ ರಸ್ತೆ ಮಾತಾಡ್ತಿದೆ" ಎಂದು ಅವನೂ ಸಹಿ ಹಾಕಿದ.

ಕೊನೆಗೆ ದೊಡ್ಡ ಸಾಹೇಬರು. "ಎರಡು ತೀರಾ ಹೆಂಗರುಳು, ಒಂಬತ್ತು ತೀರಾ ಒರಟು. ಏಳು ಹಾಕಿ" ಎಂದರು. ಏಳು ಹಾಕಿದ್ದಾಯಿತು. ಒಂದು ಸುತ್ತು ಓಡಿಸಿದ ಸಾಹೇಬರಿಗೆ ಮೈ ಝುಮ್ಮೆಂದಿತು. ಆಮೇಲೆ ಅವರು ಹಿಂದಿನ ಸೀಟಿನಲ್ಲಿ ಕೂತು ಉಳಿದಿಬ್ಬರಿಗೂ ಓಡಿಸಲು ಹೇಳಿದರು. ಹಿಂದೆ ಸಾಹೇಬರಿದ್ದುದರಿಂದ ಮೇಡಂಗೂ ತಾತನಿಗೂ ಏಳು ಬಹಳ ಹಿಡಿಸಿತು. ಫಾರಂನಲ್ಲಿ ಏಳೆಂದು ಬರೆಸಿ ಸಾಹೇಬರೂ ಸಹಿ ಹಾಕಿದರು.

ಸಂಜೆ ಐದಕ್ಕೆ ಹಗುರಪ್ಪ ಹಾಡು ಗುನುಗುತ್ತಾ ಪರದೆಯ ಚೀಟಿ ಕಿತ್ತ. ಅದರಡಿಯಲ್ಲಿ ಕೆಂಪು ಅಕ್ಷರಗಳಿದ್ದವು: 'ಕಾರಿನೊಂದಿಗೆ ಸಂಪರ್ಕವಿಲ್ಲ.' ತಂತಿ ಎಳೆದು ನೋಡಿದ. ಶೆಡ್ಡಿನ ಇಲಿ ಅದನ್ನು ಮಧ್ಯದಲ್ಲಿ ನೀಟಾಗಿ ಕಡಿದಿತ್ತು. ಬೆಳಗಿನಿಂದ ಅವನು ಒತ್ತಿದ ಒಂದು ಅಂಕಿಯೂ ಕಾರಿಗೆ ಮುಟ್ಟಿರಲಿಲ್ಲ. ಎಲ್ಲರೂ ಓಡಿಸಿದ್ದು, ಬೈದದ್ದು, ಹೊಗಳಿದ್ದು ಅದೇ ನಾಲ್ಕನ್ನು.

ಬೇರೆ ತಂತಿ ತಂದು ನಿಜವಾಗಿ ಏಳು ಹಾಕಿ ತಾನೇ ಓಡಿಸಿದ. ಗೇಟಿನ ತಿರುವಿನಲ್ಲಿ ಹೆಗಲು ಕಳಚಿ ಬರುವುದೊಂದು ಬಾಕಿ. ಇಂಥ ಕಾರು ಜನರ ಕೈಗೆ ಕೊಡಲು ಅವನ ಮನಸ್ಸು ಒಪ್ಪಲಿಲ್ಲ. ಮತ್ತೆ ನಾಲ್ಕಕ್ಕೆ ತಂದ. ಮೂವರೂ ಮೆಚ್ಚಿದ ಕಾರು ಇದೇ ತಾನೇ ಎಂದು ಫಾರಂನಲ್ಲೂ ನಾಲ್ಕೆಂದು ತಿದ್ದಿ, ರಜೆ ಅರ್ಜಿಯ ಜೊತೆ ಸಾಹೇಬರ ಮುಂದಿಟ್ಟ.

"ನಾಲ್ಕಾ? ಆ ದರಿದ್ರ ನಾಲ್ಕು ಮತ್ತೆ ಯಾಕೆ ಬಂತು?"

"ಸಾರ್, ಬೆಳಗ್ಗಿಂದ ನೀವೆಲ್ಲ ಓಡಿಸಿದ್ದು ಅದೇ. ತಂತೀನ ಇಲಿ ಕಡಿದಿತ್ತು."

ಸಾಹೇಬರು ಎದ್ದರು. ತಾತನನ್ನೂ ಕೂರಿಸಿಕೊಂಡು ಒಂದು ಸುತ್ತು ಓಡಿಸಿದರು.

"ನೋಡಿ, ಜೀವಾನೇ ಇಲ್ಲ. ಮಧ್ಯಾಹ್ನ ನಾನು ಓಡಿಸಿದ್ದು ಇದಲ್ಲವೇ ಅಲ್ಲ."

"ಹೌದು ಸಾರ್, ರಸ್ತೆ ಮತ್ತೆ ಬಾಯಿ ಮುಚ್ಕೊಂಡಿದೆ" ಎಂದ ತಾತ.

"ಇದೇ ಸಾರ್, ದೇವರಾಣೆ" ಎಂದ ಹಗುರಪ್ಪ.

ಸಾಹೇಬರು ಅವನ ಬೆನ್ನು ತಟ್ಟಿದರು. "ಪಾಪ, ದಣಿದಿದ್ದೀರಿ. ಏನೇನೋ ಮಾತಾಡ್ತಿದ್ದೀರಿ. ನಿಮಗೆ ರಜೆ ಬೇಕೇ ಬೇಕು."

ಹಗುರಪ್ಪನ ಕಣ್ಣು ತುಂಬಿ ಬಂತು. ಸಾಹೇಬರು ಅರ್ಜಿಯನ್ನು ಮಡಚಿ ತಮ್ಮ ಜೇಬಿಗೇ ಇಳಿಸಿದರು.

"ಫಾರಂ ತಿದ್ದಿಬಿಟ್ರಲ್ಲ, ಮೂರೂ ಸಹಿ ಹೊಸದಾಗಿ ಆಗ್ಬೇಕು. ನನಗೆ ಆ ಏಳೇ ಬೇಕು. ನಾಳೆ ಬೆಳಿಗ್ಗೆ ಆರಕ್ಕೇ ಬನ್ನಿ, ಆಮೇಲೆ ರಜೆ ನೋಡೋಣ."

ಹಗುರಪ್ಪ ಶೆಡ್ಡಿಗೆ ಮರಳಿದ. ಕಸದ ಬುಟ್ಟಿಯಿಂದ ಇಲಿ ಕಡಿದ ತಂತಿಯನ್ನು ಹುಡುಕಿ ತೆಗೆದು ಕಾರಿಗೆ ಸಿಕ್ಕಿಸಿದ. ದಪ್ಪಗೆ ಏಳು ಒತ್ತಿದ. ಆಮೇಲೆ ಜೇಬಿನಿಂದ ಹಳದಿ ಚೀಟಿ ತೆಗೆದು, 'ನಾನೊಬ್ಬಳೇ ಹೊರಟೆ' ಎಂಬ ಸಾಲನ್ನು ಇನ್ನೊಮ್ಮೆ ಓದಿಕೊಂಡು, ಕೆಂಪು ಅಕ್ಷರಗಳು ಪೂರ್ತಿ ಮುಚ್ಚುವ ಹಾಗೆ ಜೋಪಾನವಾಗಿ ಅಂಟಿಸಿದ.