ಗಾರ್ಡ್ ಬೊಮ್ಮಯ್ಯನ ರೇಷ್ಮೆ ರೈಲು

ಮೊಳಕಾಲ್ಮೂರಿನಿಂದ ಗೌರಸಮುದ್ರಕ್ಕೆ ಗಾಡಿ ಕಟ್ಟಿಸುವುದಿಲ್ಲ, ನಡೆದೇ ತೀರುತ್ತೇನೆ ಎಂದು ನಾನು ಘೋಷಿಸಿಬಿಟ್ಟೆ! ಅದೂ ಎಂಥ ದಾರಿ? ರೈಲು ದಾರಿ! ಹಿಂದೆ ಕಲ್ಲು ಸಾಗಿಸಲು ಹಾಕಿದ್ದ ಪುಟ್ಟ ರೈಲು. ಜರ್ಮನಿಯವರ ಮೇಲಿನ ಯುದ್ಧಕ್ಕೆ ಕಬ್ಬಿಣ ಬೇಕೆಂದು ಹಳಿಗಳನ್ನು ಕಿತ್ತುಕೊಂಡು ಹೋದ ಮೇಲೆ ಬರೀ ಏರಿ ಉಳಿದಿತ್ತು. ಉಬ್ಬಿಲ್ಲ, ತಗ್ಗಿಲ್ಲ, ಎರಡೂ ಕಡೆ ತಂಗಡಿ ಹೂವು, ಆಚೆ ಬಂಡೆಗುಡ್ಡ. ವರ್ಷವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ನೇಕಾರನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇಕೆ?

ನನ್ನ ಹೆಂಡತಿ ಚಿತ್ತಮ್ಮನಿಗೆ ಮಾತ್ರ ಸ್ವರ್ಗದ ಚಿಂತೆ ಇರಲಿಲ್ಲ, ಸೀರೆಯ ಚಿಂತೆ ಇತ್ತು. ಗೌರಸಮುದ್ರದಲ್ಲಿರುವ ಅವಳ ತಂಗಿ ಪಾಲಮ್ಮನ ಮಗಳಿಗೆ ಮದುವೆ. ಧಾರೆ ಸೀರೆ ಇನ್ನೂ ಅವರ ಮನೆಯ ಮಗ್ಗದ ಮೇಲೇ ಇತ್ತು. ಸೆರಗಿಗೆ ಬರುವಷ್ಟರಲ್ಲಿ ಕೆಂಪು ರೇಷ್ಮೆ ಮುಗಿದುಹೋಗಿತ್ತು. ಅದೇ ಬಣ್ಣದ ನೂಲು ಉಳಿದಿದ್ದು ನಮ್ಮಲ್ಲಿ ಮಾತ್ರ.

"ನಾಡಿದ್ದು ಬೆಳಿಗ್ಗೆ ನೂಲು ಮಗ್ಗದ ಮುಂದೆ ಇರ್ಬೇಕ್ರಿ. ಇಲ್ಲಾಂದ್ರೆ ಹುಡುಗಿ ಸೆರಗಿಲ್ದ ಸೀರೇಲಿ ಹಸೆಮಣೆ ಏರ್ತಾಳೆ! ಚೀಲದಾಗೆ ಹಾಕ್ಕೊಳ್ರಿ."

"ಚೀಲದಾಗೆ ಹಾಕಿದ್ರೆ ಸಿಕ್ಕಾಗ್ತೈತೆ ಕಣೇ! ನೇಕಾರನಿಗೇ ನೂಲು ಹಿಡಿಯೋದು ಹೇಳಿಕೊಡ್ತೀಯಾ?"

ನೂಲನ್ನು ಬಿದಿರಿನ ಉರುಳೆಗೆ ಸುತ್ತಿದೆ. ಉರುಳೆಯನ್ನು ಕೋಲಿನ ತುದಿಗೆ ಸಿಕ್ಕಿಸಿದೆ. ಧೂಳು ಬೀಳದಿರಲೆಂದು ಮೇಲೊಂದು ವಸ್ತ್ರ ಹೊದಿಸಿ, ಕೋಲನ್ನು ರಾಜಗಾಂಭೀರ್ಯದಿಂದ ಹೆಗಲಿಗೇರಿಸಿದೆ. ಮರುದಿನ ಕೋಳಿ ಕೂಗುವ ಮೊದಲೇ ಹೊರಟೆವು.

"ನೀನು ಇಂಜಿನ್ನು, ಮುಂದೆ ನಡಿ. ನಾನು ಗಾರ್ಡು, ಹಿಂದೆ ಬರ್ತೀನಿ. ಕೂ..."

"ಮೆಲ್ಲಗೆ ಕೂಗ್ರಿ, ಬೀದಿಯವರು ಎದ್ದಾರು!"

ಆಹಾ, ಏನು ನಡಿಗೆ! ಬೆಳಕು ಹರಿಯಿತು. ಒಂದು ಕಡೆ ನವಿಲು, ಇನ್ನೊಂದು ಕಡೆ ಜಿಂಕೆಯ ಹಿಂಡು. ನಡೆದಷ್ಟೂ ಹೆಗಲ ಭಾರ ಇಳಿಯುತ್ತಾ ಬಂತು. "ನೋಡಿದೆಯಾ, ನಡಿಗೆಯಿಂದ ಮೈಗೆ ಹೆಂಗೆ ಶಕ್ತಿ ಬರ್ತೈತೆ! ಕೋಲು ಹೊತ್ತಂಗೇ ಇಲ್ಲ!" ಎಂದು ಬೀಗಿದೆ. ಇಂಜಿನ್ನು ಹಿಂತಿರುಗಿ ನೋಡದೆ ಮುಂದೆ ಸಾಗಿತು.

ಹಳೆಯ ಮೋರಿಯೊಂದರ ಮೇಲೆ ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿಯುತ್ತಾ ನಾವು ಬಂದ ದಾರಿಯ ಕಡೆ ನೋಡುತ್ತೇನೆ, ನೆಲದ ಮೇಲೆ ಕೆಂಪು ರೇಷ್ಮೆ ಎಳೆ!

ನಮ್ಮ ಬೀದಿಯಲ್ಲೊಂದು ಕಟ್ಟಳೆ ಇದೆ. ಬಿದ್ದ ನೂಲನ್ನು ಕಂಡ ನೇಕಾರ ಅದನ್ನು ತುಳಿಯಬಾರದು, ಹರಿಯಬಾರದು. ಕೊನೆಯವರೆಗೂ ಸುತ್ತಿ ಒಡೆಯನಿಗೆ ಮುಟ್ಟಿಸಬೇಕು. ಅದಕ್ಕೆ ಪ್ರತಿಯಾಗಿ ಬೀದಿಯವರೆಲ್ಲರ ಮುಂದೆ ಆ ಒಡೆಯನನ್ನು ಮನಸಾರೆ ಬೈಯಬಹುದು! ಒಡೆಯ ಎಲೆ ಅಡಿಕೆ ಕೊಟ್ಟು, ತಲೆ ಬಗ್ಗಿಸಿ ಬೈಸಿಕೊಳ್ಳಬೇಕು. ಇಷ್ಟು ವರ್ಷ ನನಗೆ ಆ ಭಾಗ್ಯ ಸಿಕ್ಕಿರಲಿಲ್ಲ.

"ಯಾವನೋ ಪೆದ್ದ ನೂಲು ಚೆಲ್ಕೊಂಡು ಹೋಗವ್ನೆ!" ಎಂದು ಕುಣಿದಾಡಿದೆ.

"ನಮ್ದರಂಗೇ ಕಾಣ್ತೈತಲ್ರಿ?"

"ನಮ್ದು ದಾಳಿಂಬೆ ಹೂವಿನ ಕೆಂಪು ಕಣೇ. ಇದು ಇಟ್ಟಿಗೆ ಕೆಂಪು. ಬಣ್ಣದ ವಿಷ್ಯದಾಗೆ ನನಗೆ ಎದುರಾಡ್ಬೇಡ!"

ನಾನೊಂದು ಕಡ್ಡಿ ಹುಡುಕಿ ಸುತ್ತಲು ಕೂತೆ. ಅಷ್ಟರಲ್ಲಿ ಚಿತ್ತಮ್ಮ ನನ್ನ ಕೋಲಿನ ಹತ್ತಿರ ಹೋಗಿ ಬಂದಳು. ಬಂದವಳ ಮುಖ ಒಂದು ಥರಾ ಆಗಿತ್ತು.

"ಹೂಂ, ಸುತ್ರಿ. ಹರೀದಂಗೆ ಸುತ್ಕೊಂಡು ನಡೀರಿ. ಕೋಲು ನಾನು ಹೊತ್ಕೊಂತೀನಿ."

ಗೌರಸಮುದ್ರದ ದಾರಿ ಬಿಟ್ಟು ಹಿಂದಕ್ಕೆ ಬರಲು ಇವಳು ಇಷ್ಟು ಸುಲಭವಾಗಿ ಒಪ್ಪಿದಳೇ! ಅನುಮಾನ ಬರಬೇಕಿತ್ತು. ಆದರೆ ನನ್ನ ತಲೆ ತುಂಬ ಬೈಗುಳಗಳೇ ತುಂಬಿದ್ದವು. ದಾರಿಯಲ್ಲಿ ಕುರಿ ಕಾಯುತ್ತಿದ್ದ ಜುಂಜಪ್ಪನ ಮುಂದೆ ಒಂದು ಸಲ ತಾಲೀಮು ಕೂಡ ನಡೆಸಿದೆ.

"ಮಂಕುದಿಣ್ಣೆ! ಸೋಂಬೇರಿ! ನೇಕಾರರ ಕುಲಕ್ಕೇ ಕಳಂಕ! ಹೆಂಗೈತೆ ಜುಂಜಪ್ಪ?"

"ಭಾಳ ಚೆನ್ನಾಗೈತೆ. ಪಾಪ, ಯಾರೋ ಅವ್ನು?"

"ಇನ್ನೇನು, ಸಿಕ್ತಾನೆ!"

ಎಳೆ ರೈಲಿನ ಏರಿಯಿಂದ ಕೆಳಗಿಳಿಯಿತು. ಸಂಜೆ ಹೊತ್ತಿಗೆ ನಮ್ಮೂರಿಗೆ ಬಂತು. ನಮ್ಮ ಬೀದಿಗೇ ತಿರುಗಿತು! ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಎದುರು ಮನೆಯ ಜಯಕ್ಕ ಕೈಯಲ್ಲಿ ಕೋಲು ಹಿಡಿದು ದನಗಳನ್ನು ಅತ್ತ ಅಟ್ಟುತ್ತಿದ್ದಳು.

"ಏಂ ಬಾವಾ, ಇಷ್ಟು ಬೇಗ ಬಂದ್ಬಿಟ್ಟೆ? ಬೆಳಿಗ್ಗೆಯಿಂದ ನಿನ್ನ ನೂಲು ಕಾದು ಕಾದು ಸಾಕಾಯ್ತು!"

ಎಳೆಯ ಕೊನೆ ನಮ್ಮ ಮನೆಯ ಬಾಗಿಲ ಚಿಲಕಕ್ಕೇ ಸಿಕ್ಕಿಕೊಂಡಿತ್ತು! ಚಿತ್ತಮ್ಮ ಕೋಲಿನ ಮೇಲಿನ ವಸ್ತ್ರ ಎಳೆದಳು. ಬರೀ ಉರುಳೆ! ನಾಚಿಕೆಯಿಂದ ನನ್ನ ಕಿವಿಗಳು ಕೆಂಪಾದವು, ಅಪ್ಪಟ ದಾಳಿಂಬೆ ಹೂವಿನ ಕೆಂಪು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಎಂದು ಗೊಣಗಿದೆ.

"ಹೇಳಿದ್ರೆ ಅಲ್ಲೇ ಕೂತು ಜಗಳ ಆಡ್ತಿದ್ರಿ. ನೂಲು ಸುತ್ತೋರು ಯಾರು? ಹೂಂ, ಈಗ ಬೈರಿ. ಜುಂಜಪ್ಪನ ಮುಂದೆ ಅಂದ್ರಲ್ಲ, ಅದೇನದು?"

ಇಡೀ ಬೀದಿ ಕಾಯುತ್ತಿತ್ತು. ಕಟ್ಟಳೆ ಕಟ್ಟಳೆಯೇ. ನನ್ನ ಕೈಯಿಂದಲೇ ನನಗೆ ಎಲೆ ಅಡಿಕೆ ಕೊಟ್ಟುಕೊಂಡು, ತಲೆ ಬಗ್ಗಿಸಿ, "ಮಂಕುದಿಣ್ಣೆ, ಸೋಂಬೇರಿ, ಕುಲಕ್ಕೇ ಕಳಂಕ" ಎಂದು ನನ್ನನ್ನೇ ಬೈದುಕೊಂಡೆ. ಜಯಕ್ಕ ನಕ್ಕು ನಕ್ಕು ಜಗುಲಿಯ ಮೇಲೆ ಕುಸಿದಳು.

ಅಷ್ಟರಲ್ಲಿ ಚಿತ್ತಮ್ಮ ಗಾಡಿ ಕಟ್ಟಿಸಿಯೇಬಿಟ್ಟಿದ್ದಳು. ರಾತ್ರಿಯೆಲ್ಲ ಹೋದರೆ ಬೆಳಗಾಗುವಷ್ಟರಲ್ಲಿ ಗೌರಸಮುದ್ರ. ನೂಲನ್ನು ಮಡಿಲಲ್ಲಿ ಭದ್ರವಾಗಿಟ್ಟುಕೊಂಡು ಅವಳು ಮುಂದೆ ಕೂತಳು. ನಾನು ಮೆಲ್ಲಗೆ ಅವಳ ಪಕ್ಕಕ್ಕೆ ಹತ್ತಲು ಹೋದೆ.

"ಇಲ್ಲಲ್ಲ, ಹಿಂದೆ ಹೋಗಿ ಆ ಕಡೆ ಮುಖ ಮಾಡ್ಕೊಂಡು ಕೂತ್ಕೊಳ್ರಿ," ಎಂದಳು. "ಗಾರ್ಡು ಅಂದ್ರೆ ಕೂ ಅನ್ನೋನಲ್ಲ, ಹಿಂದೆ ನೋಡೋನು!"